ಬೆಂಗಳೂರು ರಸ್ತೆಗೆ ಐದನೇ ಗೇರು, ತೋಟದ ಏರಿಗೆ ಫಸ್ಟ್ ಗೇರು

ಪ್ರಶ್ನೆ: ಅಪ್ಪ 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ನಮ್ಮ ಮನೆಯಲ್ಲಿದೆ. 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಹೋದ ವರ್ಷ ಬೋರ್ ಮಾಡಿಸಿದ್ದೇನೆ. ಸ್ಟೇರಿಂಗ್ ಪಕ್ಕದ ನಾಲ್ಕು ಗೇರು. ನಮ್ಮ ಕಾಫಿ ತೋಟ ಮೂಡಿಗೆರೆಯಿಂದ ಒಳಗೆ. ತಿಂಗಳಿಗೆ ಎರಡು ಸಲ ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಹೋಗಿ ಬರಬೇಕು. 80 ದಾಟಿದರೆ ಎಂಜಿನ್ ಕಿರುಚುತ್ತದೆ. ಒಬ್ಬ ಮೆಕ್ಯಾನಿಕ್ ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್ ಪಿನಿಯನ್ ಬದಲಿಸಿ ಅಂತಾರೆ, ಇನ್ನೊಬ್ಬರು ಐದು ಗೇರಿನ ಬಾಕ್ಸ್ ಹಾಕಿಸಿ ಅಂತಾರೆ, ಸ್ನೇಹಿತರೊಬ್ಬರು ಎರಡನ್ನೂ ಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಬೆಂಗಳೂರು ದಾರಿ ಇದೆ, 80ರ ವೇಗ ಇದೆ, ಎಂಜಿನ್ ಸದ್ದಿದೆ. ತೋಟದ ಗೇಟಿನಿಂದ ಮನೆ ಅಂಗಳಕ್ಕೆ ಎಷ್ಟು ಏರು ಅನ್ನೋದು ಮಾತ್ರ ಇಲ್ಲ. ಹಾಸನದಲ್ಲಿ ಕೂತು ಹಳೇ ಗಾಡಿಗಳ ಗೇರ್ ಬಾಕ್ಸ್ ಇಳಿಸಿ ಏರಿಸಿ ನನಗೆ ತಲೆ ಬೆಳ್ಳಗಾಗಿದೆ. ಬಂದವರೆಲ್ಲ ಕೇಳೋದು ಟಾಪ್ ಗೇರಿನ ವಿಷಯವನ್ನೇ. ಘಟ್ಟದ ಅಂಚಿನಲ್ಲಿ ಓಡುವ ಗಾಡಿಗೆ ಮೊದಲು ತೀರ್ಮಾನ ಆಗಬೇಕಾದದ್ದು ಫಸ್ಟ್ ಗೇರು. ಅದನ್ನು ಮುಟ್ಟದೆ ಟಾಪಿಗೆ ಎಷ್ಟು ಉಸಿರು ಕೊಡಬಹುದು ಅಂತ ಆಮೇಲೆ ನೋಡಬೇಕು.

ಇದನ್ನು ನಾನು ಕಲಿತದ್ದು ಇನ್ನೊಬ್ಬರ ಕ್ಲಚ್ ಪ್ಲೇಟ್ ಸುಟ್ಟು. ಸಕಲೇಶಪುರದ ಕಡೆಯ ಪ್ಲಾಂಟರ್ ಒಬ್ಬರದ್ದು ನಿಮ್ಮಂಥದ್ದೇ ಗಾಡಿ, ನಿಮ್ಮಂಥದ್ದೇ ದೂರು. ಇಂಗ್ಲೆಂಡಿನ ಎಂಜಿಬಿ ಕಾರಿನ ಕ್ರೌನ್ ಪಿನಿಯನ್ ಜೋಡಿಯೊಂದು ಆಗ ಕೈಗೆ ಸಿಕ್ಕಿತ್ತು. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 11. ಅದನ್ನೇ ಕೂರಿಸಿದೆ. ಚನ್ನರಾಯಪಟ್ಟಣದವರೆಗೆ ಹೋಗಿ ಬಂದೆವು, ಗಾಡಿ ತೇಲಿಕೊಂಡು ಹೋಯಿತು. ಜೂನ್ ಮಳೆ ಹಿಡಿದ ಮೇಲೆ ಫೋನ್ ಬಂತು. ಹೋಗಿ ನೋಡಿದರೆ ಗೇಟಿನ ಹತ್ತಿರಕ್ಕೇ ಸುಟ್ಟ ಕ್ಲಚ್ಚಿನ ವಾಸನೆ ಬರುತ್ತಿದೆ. ಗೊಬ್ಬರದ ಚೀಲ ಹೊತ್ತ ಗಾಡಿ ಅರ್ಧ ಏರಿನಲ್ಲಿ ನಿಂತಿದೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೆ. ಅವರು ರೇಗಲಿಲ್ಲ. “ಹೈವೇಲಿ ಚೆನ್ನಾಗಿದೆ ಮಾರಾಯ್ರೇ, ಆದ್ರೆ ನಮ್ಮನೆ ಹೈವೇಲಿ ಇಲ್ವಲ್ಲ” ಅಂದರು. ಪ್ಲೇಟ್ ತೆಗೆದಾಗ ಮೇಲಿನ ಲೈನಿಂಗ್ ಪೂರ್ತಿ ಸವೆದು ರಿವೆಟ್ ತಲೆ ಕಾಣುತ್ತಿತ್ತು. ಹಳೇ ಕ್ರೌನನ್ನು ನನ್ನ ಖರ್ಚಿನಲ್ಲೇ ವಾಪಸ್ ಕೂರಿಸಿ ಬಂದೆ.

ಅಲ್ಲಿ ನಾನು ಎಡವಿದ್ದು ಎಲ್ಲಿ ಅನ್ನೋದನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ನಿಮ್ಮ ಗಾಡಿಯ ಕ್ರೌನಿಗೆ 39, ಪಿನಿಯನ್ನಿಗೆ 8 ಹಲ್ಲು ಅಂತ ಇಟ್ಟುಕೊಳ್ಳೋಣ. ಭಾಗಿಸಿದರೆ 4.875. ಚಕ್ರ ಒಂದು ಸುತ್ತು ಉರುಳಿದರೆ ಗಾಡಿ 2 ಮೀಟರ್ ಮುಂದೆ ಹೋಗುತ್ತದೆ ಅನ್ನೋಣ. ಗಂಟೆಗೆ 80 ಕಿ.ಮೀ. ಅಂದರೆ ನಿಮಿಷಕ್ಕೆ 1,333 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 667 ಸುತ್ತು. ನಾಲ್ಕನೇ ಗೇರು ನೇರ, ಒಂದಕ್ಕೊಂದು. ಹಾಗಾಗಿ 667ನ್ನು 4.875ರಿಂದ ಗುಣಿಸಿದರೆ ಸಾಕು, ಎಂಜಿನ್ ನಿಮಿಷಕ್ಕೆ 3,250 ಸುತ್ತು ಹಾಕುತ್ತಿದೆ. ಇದು ಎಂಜಿನ್ ಒಡೆದುಹೋಗುವ ವೇಗ ಅಲ್ಲ. ಆದರೆ ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಸುಮಾರು 89 ಮಿ.ಮೀ. ಉದ್ದ ಸ್ಟ್ರೋಕಿನದ್ದು, ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ನಾಲ್ಕು ಗಂಟೆ ಒಂದೇ ಸಮ ಹಾಗೆ ಓಡಿಸಿದರೆ ಅದೂ ಸುಖಪಡಲ್ಲ, ಒಳಗೆ ಕೂತವರೂ ಪಡಲ್ಲ. ಸದ್ದು ನಿಮ್ಮ ಭ್ರಮೆಯೇನಲ್ಲ.

ಇದನ್ನು 2,600ರ ಹತ್ತಿರಕ್ಕೆ ಇಳಿಸಲು ಎರಡು ದಾರಿ. ನಾನು ಹಾಕಿದ 43/11ರ ಕ್ರೌನ್, ಅಂದರೆ 3.909, ಹಾಕಿದರೆ 2,606 ಬರುತ್ತದೆ. ಹಳೇ ಕ್ರೌನನ್ನೇ ಉಳಿಸಿ 0.82ರ ಐದನೇ ಗೇರ್ ಇರುವ ಬಾಕ್ಸ್ ಹಾಕಿದರೆ 2,665. ಹೈವೇಯಲ್ಲಿ ಕಣ್ಣು ಮುಚ್ಚಿ ಕೂತರೆ ಎರಡಕ್ಕೂ ವ್ಯತ್ಯಾಸ ತಿಳಿಯಲ್ಲ. ಗೊತ್ತಾಗುವುದು ತೋಟದ ಗೇಟಿನಲ್ಲಿ.

ಹಳೇ ಬಾಕ್ಸಿನ ಫಸ್ಟ್ ಗೇರ್ 3.8ರ ಸುಮಾರು ಅಂತ ಇಟ್ಟುಕೊಳ್ಳಿ. 4.875ರ ಕ್ರೌನಿನ ಜೊತೆ ಗುಣಿಸಿದರೆ ಒಟ್ಟು 18.5. ಎಂಜಿನ್ ಹದಿನೆಂಟೂವರೆ ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. 3.909ರ ಕ್ರೌನ್ ಹಾಕಿದರೆ ಅದು 14.9ಕ್ಕೆ ಬೀಳುತ್ತದೆ, ಐದರಲ್ಲಿ ಒಂದು ಪಾಲು ಎಳೆತ ಹೋಯಿತು. ಈಗ ಐದಕ್ಕೊಂದು ಏರು ಬಂತು ಅನ್ನಿ, ಐದಡಿ ಹೋದರೆ ಒಂದಡಿ ಮೇಲಕ್ಕೆ. ಜನ, ಚೀಲ ಎಲ್ಲ ಸೇರಿ ಗಾಡಿ 1,500 ಕಿಲೋ. ಅದನ್ನು ಮೇಲಕ್ಕೆ ಎಳೆಯಲು ಚಕ್ರದಲ್ಲಿ ಸುಮಾರು 1,000 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಗೇರು, ಕ್ರೌನುಗಳ ಒಳಗೆ ಹತ್ತನೇ ಒಂದು ಭಾಗ ಸೋರಿಹೋಗುತ್ತದೆ ಅಂತ ಹಿಡಿದರೆ 18.5ಕ್ಕೆ ಎಂಜಿನ್ ಕೊಡಬೇಕಾದದ್ದು ಸುಮಾರು 60, 14.9ಕ್ಕೆ 75.

ಎಂಜಿನ್ ಹತ್ತಿರ ಎಷ್ಟಿದೆ? ಹೊಸದರಲ್ಲಿ ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್, ಅದೂ ಒಳ್ಳೇ ಸುತ್ತಿನಲ್ಲಿರುವಾಗ. ನಮ್ಮದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಊರು. ಪ್ರತಿ ನೂರು ಮೀಟರಿಗೆ ನೂರರಲ್ಲೊಂದು ಪಾಲಿನಷ್ಟು ಗಾಳಿಯ ಜೊತೆಗೇ ಹೋಗುತ್ತದೆ, ಅಲ್ಲಿಗೆ 90 ಆಯಿತು. ನಿಧಾನಗತಿಯಲ್ಲಿ, ಸಾವಿರ ಸುತ್ತಿನಲ್ಲಿ, 70 ಸಿಕ್ಕರೆ ದೊಡ್ಡದು. 70 ಇಟ್ಟುಕೊಂಡು 60 ಕೊಡಬಹುದು, 75 ಕೊಡೋಕಾಗಲ್ಲ. ಆಗ ಡ್ರೈವರ್ ಏನು ಮಾಡ್ತಾನೆ? ಹಾಫ್ ಕ್ಲಚ್ ಹಿಡಿದು ಎಂಜಿನ್ ಏರಿಸ್ತಾನೆ. ಸಕಲೇಶಪುರದ ಪ್ಲೇಟು ರಿವೆಟ್ಟಿಗೆ ಬಂದದ್ದು ಹಾಗೆ. ಡ್ರೈವರ್ ತಪ್ಪೇನೂ ಇರಲಿಲ್ಲ.

ರಿವರ್ಸ್ ಗೇರನ್ನು ಯಾರೂ ಲೆಕ್ಕಕ್ಕೆ ತಗೊಳಲ್ಲ. ಕಣದಿಂದ ಶೆಡ್ಡಿಗೆ ಗಾಡಿಯನ್ನು ಹಿಮ್ಮುಖವಾಗಿ ಏರಿಸುವವರು ನೀವಾದರೆ, ಕ್ರೌನ್ ಬದಲಿಸಿದ ದಿನವೇ ಅದರ ಎಳೆತವೂ ಅಷ್ಟೇ ಪಾಲು ಕಡಿಮೆಯಾಗುತ್ತದೆ.

ಮುಳ್ಳಯ್ಯನಗಿರಿ ಕಡೆ ಜನ ಹೊತ್ತು ಏರುವ ಹಳೇ ಜೀಪುಗಳನ್ನು ನೋಡಿದ್ದೀರಲ್ಲ. ಸಿಜೆ-3ಬಿ ಜೀಪಿಗೆ ಇದ್ದದ್ದು ಮೂರೇ ಗೇರು. ಆದರೆ ಕ್ರೌನ್ 43/8, ಅಂದರೆ 5.38, ಅದರ ಮೇಲೆ ಏರಿಗೆಂದೇ ಇರುವ ಲೋ ಗೇರಿನ ಲಿವರ್ ಹಾಕಿದರೆ ಇನ್ನೂ 2.46 ಪಟ್ಟು. ಅದು ಏರಲಿಲ್ಲ ಅಂತ ದೂರಿದವರನ್ನು ನಾನು ಕಂಡಿಲ್ಲ. ಅದರಲ್ಲಿ ಬೆಂಗಳೂರಿಗೆ 80ರಲ್ಲಿ ಹೋಗ್ತೀನಿ ಅಂದವರನ್ನೂ ಕಂಡಿಲ್ಲ.

ಇದುವರೆಗಿನ ಅಂಕಿಗಳಲ್ಲಿ ಅರ್ಧ ನಾನು ಊಹಿಸಿಕೊಂಡದ್ದು. ನಿಮ್ಮದನ್ನು ನೀವೇ ಎಣಿಸಬೇಕು. ಐವತ್ತು ವರ್ಷದಲ್ಲಿ ಹಿಂದಿನ ಆಕ್ಸಲ್ ಹೌಸಿಂಗ್ ಎಷ್ಟು ಸಲ ಬಿಚ್ಚಿದ್ದಾರೋ, ಯಾವ ಗಾಡಿಯ ಕ್ರೌನ್ ಒಳಗೆ ಕೂತಿದೆಯೋ ಯಾರಿಗೆ ಗೊತ್ತು? ಈ ಎಂಜಿನ್ ಮನೆತನದ ಇಂಗ್ಲೆಂಡಿನ ಗಾಡಿಗಳಲ್ಲೇ 39/8, 41/9, 43/10, 43/11 ಅಂತ ನಾಲ್ಕು ಬಗೆ ಬಂದಿವೆ. ಹೌಸಿಂಗ್ ಬಿಚ್ಚದೆ ಎಣಿಸಬಹುದು. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಟೈರಿಗೆ ಒಂದು, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ 20 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಕ್ರೌನ್ ತಿರುಗುವುದು ಅದರ ಅರ್ಧ, 10 ಸುತ್ತು. ಅಷ್ಟರಲ್ಲಿ ಶಾಫ್ಟ್ 48 ಮುಕ್ಕಾಲು ಸುತ್ತು ಬಂದರೆ 39/8. ನಲವತ್ತೈದೂವರೆ ಬಂದರೆ 41/9. ಸರಿಯಾಗಿ 43 ಬಂದರೆ 43/10. ಚಕ್ರಕ್ಕೊಬ್ಬರು, ಶಾಫ್ಟಿಗೊಬ್ಬರು ಇಬ್ಬರು ಬೇಕು, ಒಬ್ಬರೇ ಆದರೆ ಲೆಕ್ಕ ತಪ್ಪುತ್ತದೆ.

ಹಾಗೇ ಜಾಕ್ ಮೇಲಿರುವಾಗಲೇ ಫಸ್ಟ್ ಗೇರಿನ ಒಟ್ಟು ಲೆಕ್ಕವನ್ನೂ ತೆಗೆದುಬಿಡಿ. ಬ್ಯಾಟರಿ ತಂತಿ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಫಸ್ಟ್ ಗೇರ್ ಹಾಕಿ, ಡಿಕ್ಕಿಯಲ್ಲಿರುವ ಸ್ಟಾರ್ಟಿಂಗ್ ಹ್ಯಾಂಡಲ್ ಮುಂದಿನಿಂದ ಕೊಟ್ಟು ತಿರುಗಿಸಿ. ಎತ್ತಿದ ಚಕ್ರ ಎರಡು ಸುತ್ತು ಮುಗಿಸುವಾಗ ಹ್ಯಾಂಡಲ್ ಎಷ್ಟು ಸುತ್ತಾಯಿತೋ ಅದೇ ನಿಮ್ಮ ಒಟ್ಟು ಸಂಖ್ಯೆ. ನನ್ನ ಲೆಕ್ಕದಲ್ಲಿ ಅದು 18.5.

ಏರನ್ನು ಅಳೆಯಲು ಗಾರೆಯವರ ರಸಮಟ್ಟ, ಐದಡಿ ರೀಪು ಸಾಕು. ತೋಟದ ದಾರಿಯ ಅತಿ ಕಡಿದಾದ ಜಾಗದಲ್ಲಿ ರೀಪಿನ ಮೇಲ್ತುದಿಯನ್ನು ನೆಲಕ್ಕೆ ಊರಿ, ಮಟ್ಟ ಹಿಡಿದು, ಕೆಳತುದಿಯಿಂದ ನೆಲಕ್ಕೆ ಅಳೆಯಿರಿ. 12 ಇಂಚು ಬಂದರೆ ಐದಕ್ಕೊಂದು. 6 ಇಂಚು ಬಂದರೆ ನಿಮ್ಮ ಮನೆ ಏರು ನಾನು ಹೆದರಿಸಿದಷ್ಟಿಲ್ಲ, ಮುಂದಿನ ಮಾತನ್ನು ಸ್ವಲ್ಪ ಸಡಿಲವಾಗಿ ಓದಿಕೊಳ್ಳಿ.

ಟೈರು ಕೂಡ ಒಂದು ಗೇರೇ. ಹಳೇ 5.90-15 ಟೈರ್ ಸಿಗದೆ 185/65 ಆರ್15 ರೇಡಿಯಲ್ ಹಾಕಿಸಿಕೊಂಡಿದ್ದರೆ ಅದು ಗಿಡ್ಡ ಟೈರು, ಎತ್ತರ 62 ಸೆಂ.ಮೀ. ಅಷ್ಟೇ. 205/65 ಆದರೆ 65 ಸೆಂ.ಮೀ. ಹತ್ತಿರ. ಈ ಎರಡರ ನಡುವೆಯೇ ನೂರಕ್ಕೆ ನಾಲ್ಕರ ವ್ಯತ್ಯಾಸ, 80ರಲ್ಲಿ ನೂರಮೂವತ್ತು ಸುತ್ತಿನಷ್ಟು. ಹಾಗಂತ ದಪ್ಪ ಟೈರ್ ತುರುಕಬೇಡಿ, ಗುಂಡಿ ಹಾರಿದಾಗ ಮಡ್ಗಾರ್ಡಿಗೆ ಉಜ್ಜುತ್ತದೆ. ಮೊದಲು ನಿಮ್ಮಲ್ಲಿ ಏನಿದೆ ನೋಡಿ. ಕಿರುಚಾಟದಲ್ಲಿ ಒಂದು ಪಾಲು ಗಿಡ್ಡ ಟೈರಿನದ್ದೂ ಇರಬಹುದು. ಗಿಡ್ಡ ಟೈರಿನಲ್ಲಿ ಮೀಟರ್ ತೋರಿಸುವುದಕ್ಕಿಂತ ಗಾಡಿ ಹೋಗುವುದು ಕಡಿಮೆ.

ಈಗ ಐದು ಗೇರಿನ ಬಾಕ್ಸ್. ಯಾವುದು?

ಇಂಗ್ಲೆಂಡಿನಲ್ಲಿ ಇದೇ ಎಂಜಿನ್ ಮನೆತನದ ಹಳೇ ಕಾರುಗಳಿಗೆ ಫೋರ್ಡ್ ಸಿಯೆರಾದಲ್ಲಿ ಬಂದ ಟೈಪ್ 9 ಬಾಕ್ಸ್ ಕೂರಿಸುವುದು ಹಳೇ ರೂಢಿ. ನಾಲ್ಕು ಸಿಲಿಂಡರಿನದರಲ್ಲಿ ಅದರ ಗೇರು ಕ್ರಮವಾಗಿ 3.65, 1.97, 1.37, 1, 0.82. ಫಸ್ಟ್ ನಮಗೆ ಆಗುತ್ತದೆ: 3.65ನ್ನು 4.875ರಿಂದ ಗುಣಿಸಿದರೆ 17.8. ತೊಂದರೆ ಫಸ್ಟ್ ಮತ್ತು ಸೆಕೆಂಡ್ ನಡುವಿನ ಹಳ್ಳದಲ್ಲಿದೆ. ಚಾರ್ಮಾಡಿ ತಿರುವಿನಲ್ಲಿ ಫಸ್ಟ್‌ನಲ್ಲಿ 3,000ಕ್ಕೆ ಏರಿಸಿ ಸೆಕೆಂಡ್ ಹಾಕಿದರೆ ಎಂಜಿನ್ 1,620ಕ್ಕೆ ಕುಸಿಯುತ್ತದೆ, ಅಷ್ಟರಲ್ಲಿ ಗಾಡಿ ವೇಗವನ್ನೂ ಕಳೆದುಕೊಂಡಿರುತ್ತದೆ. ಮತ್ತೆ ಫಸ್ಟ್, ಮತ್ತೆ ಕಿರುಚಾಟ. ಮಾಜ್ದಾ ಎಂಎಕ್ಸ್-5ರ ಐದು ಗೇರಿನ ಬಾಕ್ಸ್ ಕೈಯಲ್ಲಿ ಬೆಣ್ಣೆಯಂತೆ ಬೀಳುತ್ತದೆ, ಹಗುರವಾದ ಗಾಡಿಗೆ ಹೇಳಿ ಮಾಡಿಸಿದ್ದು. ಆದರೆ ಫಸ್ಟ್ 3.14. ನಮ್ಮ ಕ್ರೌನಿನ ಜೊತೆಗೂ ಒಟ್ಟು 15.3 ಮಾತ್ರ. ಅಲ್ಲಿಗೆ ಮತ್ತೆ ಸಕಲೇಶಪುರದ ಕಥೆಯೇ.

ನಮ್ಮಲ್ಲಿ ಸುಲಭಕ್ಕೆ ಸಿಗುವುದು 1990ರ ದಶಕದ ಅಂಬಾಸಿಡರ್ 1800 ಐಎಸ್‌ಝಡ್ ಅಥವಾ ಕಾಂಟೆಸ್ಸಾ ಕ್ಲಾಸಿಕ್‌ನ ಇಸುಝು ಬಾಕ್ಸ್. ನಿಮ್ಮ ಎರಡನೇ ಮೆಕ್ಯಾನಿಕ್ ಮನಸ್ಸಿನಲ್ಲಿ ಇರುವುದು ಬಹುಶಃ ಇದೇ. ಗುಜರಿಯಲ್ಲಿ ಕೊಳ್ಳುವ ಮುಂಚೆ ಅಲ್ಲೇ ನೆಲದ ಮೇಲಿಟ್ಟು ತಿರುಗಿಸಿ ಎಣಿಸಿ. ಫಸ್ಟ್‌ನಲ್ಲಿ ಹಿಂದಿನ ಶಾಫ್ಟ್ 10 ಸುತ್ತಾಗಲು ಮುಂದಿನದು ಕನಿಷ್ಠ 36 ಸುತ್ತಬೇಕು. ಐದನೇ ಗೇರಿನಲ್ಲಿ ಹಿಂದಿನದಕ್ಕೆ 10 ಆದಾಗ ಮುಂದಿನದಕ್ಕೆ ಎಂಟೂಕಾಲರ ಸುಮಾರು ಬಂದರೆ ಸರಿ. ಬರದಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬಿಟ್ಟು ಬನ್ನಿ.

ಕೊಂಡ ಮೇಲೆ ಕೆಲಸ ಶುರು. ಅದರ ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚುವ ಮುಂದಿನ ಚಿಪ್ಪು, ನಿಮ್ಮ ಎಂಜಿನ್ನಿನ ಬೆನ್ನಿಗೆ ಕೂರಲ್ಲ, ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಕ್ರ್ಯಾಂಕಿನ ತುದಿಯ ಸಣ್ಣ ಬುಷ್ ಹೊಸ ಶಾಫ್ಟಿನ ಅಳತೆಗೆ ಲೇತಿನಲ್ಲಿ ಮಾಡಿಸಬೇಕು. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಆ ಬಾಕ್ಸಿನದ್ದು, ಹೊರ ಅಳತೆ ನಿಮ್ಮ ಪ್ರೆಷರ್ ಪ್ಲೇಟಿನದ್ದು. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ, ಕತ್ತರಿಸಿ ಬೆಸೆದ ಮೇಲೆ ಬ್ಯಾಲೆನ್ಸ್ ಮಾಡಿಸದಿದ್ದರೆ 70ರಲ್ಲಿ ಇಡೀ ಗಾಡಿ ಗುಂಯ್‌ಗುಡುತ್ತದೆ. ಇದೆಲ್ಲ ಮಾಡುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಬಿಡುವುದು ಒಂದೇ ಒಂದನ್ನು: ಬೆಲ್ ಹೌಸಿಂಗಿನ ನಡುವಿನ ರಂಧ್ರ ಕ್ರ್ಯಾಂಕಿನ ನೇರಕ್ಕೆ ಇದೆಯೇ ಅನ್ನೋದನ್ನು. ಫ್ಲೈವೀಲಿಗೆ ಡಯಲ್ ಗೇಜ್ ಕಚ್ಚಿಸಿ, ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ನೋಡಬೇಕು. ಮುಳ್ಳು ಐದು ಥೌಗಿಂತ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಹೆಚ್ಚು ಓಲಾಡಿದರೆ ಪ್ಲೇಟ್ ಸರಿಸಿ ಮತ್ತೆ ಪಿನ್ ಹೊಡೆಯಬೇಕು. ಅದನ್ನು ಮಾಡದ ಗಾಡಿ ಆರು ತಿಂಗಳಲ್ಲಿ ಗೇರ್ ಬಿಟ್ಟುಕೊಳ್ಳಲು ಶುರು ಮಾಡುತ್ತದೆ, ಆಗ ಬೈಗುಳ ತಿನ್ನುವುದು ಗೇರ್ ಬಾಕ್ಸು. ಗ್ಯಾರೇಜಿನಲ್ಲಿ ನಿಮ್ಮ ಮೊದಲ ಪ್ರಶ್ನೆ “ಡಯಲ್ ಗೇಜ್ ಇದೆಯಾ?” ಅಂತಿರಲಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಗೇರು ಸ್ಟೇರಿಂಗಿನಿಂದ ನೆಲಕ್ಕೆ ಬರುತ್ತದೆ, ನಡುವಿನ ಟನೆಲ್ ಕತ್ತರಿಸಬೇಕಾಗುತ್ತದೆ. ಮುಂದೆ ಮೂವರು ಕೂರುವ ಸುಖವೂ ಹೋಯಿತು. ಇನ್ನೊಂದು ವಿಷಯ: ನಿಮ್ಮ ಗಾಡಿಗೆ ಐವತ್ತು ವರ್ಷ ದಾಟಿದೆ. 2021ರಲ್ಲಿ ಬಂದ ನಿಯಮದಂತೆ ಅದನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರದೆ ಮೂಲ ರೂಪದಲ್ಲಿರಬೇಕು. ವಿಂಟೇಜ್ ಆದ ಮೇಲೆ ದಿನಬಳಕೆಗೆ ಓಡಿಸುವ ಹಾಗಿಲ್ಲ. ಬೆಂಗಳೂರಿಗೆ ಓಡಾಡುವ ನಿಮಗೆ ಸದ್ಯ ಅದು ಬೇಡದ ಮಾತು. ಮುಂದೆಂದಾದರೂ ಆ ಆಸೆ ಇದ್ದರೆ ತಗಡಿಗೆ ಕತ್ತರಿ ಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ತೆಗೆದ ಬಾಕ್ಸ್, ಲಿಂಕು, ತಗಡು ಏನನ್ನೂ ಗುಜರಿಗೆ ಹಾಕಬೇಡಿ.

ಘಾಟಿ ಇಳಿಯುವುದನ್ನೂ ನೆನಪಿಡಿ. ನಿಮ್ಮ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಏರಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೇ ಡ್ರೈವರುಗಳು ಹೇಳುತ್ತಿದ್ದುದು ಡ್ರಮ್ ಕಾದು ಬ್ರೇಕ್ ಹಿಡಿಯದೆ ಹೋಗುತ್ತದೆ ಅಂತಲೇ. ಕ್ರೌನಿನ ಅಂಕಿ ಇಳಿದಷ್ಟೂ ಎಂಜಿನ್ ಹಿಡಿದು ನಿಲ್ಲಿಸುವ ಬಲ ಕಡಿಮೆ. ಸೆಕೆಂಡ್‌ನಲ್ಲಿ ಆರಾಮಾಗಿ ಇಳಿಯುತ್ತಿದ್ದ ಕಡೆ ಫಸ್ಟ್ ಬೇಕಾಗುತ್ತದೆ. ಹಳೇ ಬಾಕ್ಸಿನಲ್ಲಿ ಫಸ್ಟಿಗೆ ಸಿಂಕ್ರೋ (ಗೇರುಗಳ ವೇಗ ತಾನೇ ಹೊಂದಿಸುವ ರಿಂಗು) ಇಲ್ಲ, ಓಡುತ್ತಿರುವ ಗಾಡಿಯಲ್ಲಿ ಅದನ್ನು ಹಾಕಬೇಕೆಂದರೆ ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ ಎರಡು ಸಲ ಕ್ಲಚ್ ತುಳಿಯುವ ಡಬಲ್ ಕ್ಲಚ್ ಬರಬೇಕು. ನಿಮ್ಮ ತಂದೆಯವರಿಗೆ ಬರುತ್ತಿತ್ತು, ಅನುಮಾನವೇ ಇಲ್ಲ. ನಿಮಗೆ?

ನನ್ನ ಸಲಹೆ ಇಷ್ಟು. ಸ್ನೇಹಿತರ ಮಾತು ಬಿಡಿ. ಕ್ರೌನ್, ಬಾಕ್ಸ್ ಎರಡನ್ನೂ ಬದಲಿಸಿದರೆ ಐದನೇ ಗೇರು ಇಳಿಜಾರಿಗೆ ಬಿಟ್ಟು ಬೇರೆಲ್ಲೂ ಎಳೆಯಲ್ಲ. ಎಣಿಸಿದಾಗ 39/8 ಬಂದರೆ ಮೊದಲು 41/9ರ ಜೋಡಿ ಸಿಗುತ್ತದಾ ಹುಡುಕಿ. 80ರಲ್ಲಿ ಇನ್ನೂರು ಸುತ್ತು ಇಳಿಯುತ್ತದೆ, ಫಸ್ಟಿನ ಒಟ್ಟು 17.3ರಲ್ಲಿ ನಿಲ್ಲುತ್ತದೆ, ಐದಕ್ಕೊಂದು ಏರಿಗೆ ಎಂಜಿನ್ನಿನಿಂದ 65 ಸಾಕು. ಗಾಡಿ ಹೊರಗಿನಿಂದ ಹಾಗೇ ಇರುತ್ತದೆ. ಕ್ರೌನಿನ ಮೇಲೂ ಪಿನಿಯನ್ನಿನ ಮೇಲೂ ಕೆತ್ತಿದ ಜೋಡಿ ನಂಬರ್ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ನಡುವೆ ಎಷ್ಟೇ ಶಿಮ್ (ತೆಳು ಬಿಲ್ಲೆ) ಕೊಟ್ಟರೂ ಊಳಿಡುವುದು ತಪ್ಪಲ್ಲ. ಸ್ಪೀಡೋಮೀಟರ್ ನೂರಕ್ಕೆ ಏಳರಷ್ಟು ಕಡಿಮೆ ತೋರಿಸುತ್ತದೆ, 75 ಅಂದರೆ 80. ಹೌಸಿಂಗಿಗೆ ಜಿಎಲ್-5 ಎಣ್ಣೆ. ಅದನ್ನೇ ಗೇರ್ ಬಾಕ್ಸಿಗೂ ಸುರಿಯಬೇಡಿ, ಹಿತ್ತಾಳೆ ಸಿಂಕ್ರೋ ರಿಂಗುಗಳಿಗೆ ಅದು ಆಗಲ್ಲ.

ಅದರಲ್ಲೂ ತೃಪ್ತಿಯಾಗದಿದ್ದರೆ ಮಾತ್ರ 39/8 ಕ್ರೌನ್ ಉಳಿಸಿಕೊಂಡು, ಎಣಿಸಿ ತಂದ ಐದು ಗೇರಿನ ಬಾಕ್ಸ್. ಅದು ನಿಮಗೆ ಉಪಯೋಗಕ್ಕೆ ಬರುವುದು ಹಾಸನ ದಾಟಿದ ಮೇಲೆ, ಚನ್ನರಾಯಪಟ್ಟಣದಿಂದ ಕುಣಿಗಲ್, ನೆಲಮಂಗಲದವರೆಗೆ. ಆ ದಾರಿಯಲ್ಲೂ ಸಣ್ಣ ದಿಣ್ಣೆ ಬಂದರೆ ಎಂಜಿನ್ ಗೊಣಗುವ ಮುಂಚೆ ನಾಲ್ಕಕ್ಕೆ ಬನ್ನಿ. ನೂರಕ್ಕೆ ಮೂರಡಿ ಏರಿದರೂ ಐದನೇ ಗೇರಿನಲ್ಲಿ ಈ ಎಂಜಿನ್ನಿನ ಬಲವೆಲ್ಲ ಅಲ್ಲಿಗೇ ಮುಗಿಯುತ್ತದೆ. ಎಣಿಸಿದಾಗ 41/9 ಆಗಲೇ ಇದ್ದರೆ ಕ್ರೌನ್ ಮುಟ್ಟಬೇಡಿ. ಗೇರ್ ಲಿಂಕಿನ ಬುಷ್ ಬದಲಿಸಿ, ಫೈರ್‌ವಾಲಿನ ತೂತುಗಳಿಗೆ ರಬ್ಬರ್ ಹಾಕಿ, ನೆಲಕ್ಕೆ ದಪ್ಪ ಫೆಲ್ಟ್ ಹಾಸಿ ಒಂದು ಸಲ ಬೆಂಗಳೂರಿಗೆ ಹೋಗಿ ಬನ್ನಿ.

ಸೀಮೆಸುಣ್ಣದ ಗೆರೆ ಎಷ್ಟು ಸುತ್ತು ಬಂತು, ರೀಪಿನ ಕೆಳಗೆ ಎಷ್ಟು ಇಂಚು ಬಂತು, ಟೈರಿನ ಮೇಲೆ ಏನು ಬರೆದಿದೆ, ಈ ಮೂರನ್ನು ಬರೆದು ಕಳಿಸಿ. ಗುಜರಿಗೆ ಹೋಗುವುದು ಅದಾದ ಮೇಲೆ.